ವಿದ್ಯಾದಾನದ ವೆಚ್ಚವನ್ನು ಹೊರುವವರು ಯಾರು?

ದಾನವು ಪಡೆಯುವವನಿಗೆ ಉಚಿತ. ಕೊಡುವವನಿಗೆ ಎಂದೂ ಉಚಿತವಲ್ಲ. ಈ ಸಾಮಾನ್ಯ ಮಾತನ್ನು ಮರೆತದ್ದರಿಂದಲೇ ವಿಜ್ಞಾನ ಪತ್ರಿಕೆಗಳ ಮುಕ್ತ ಪ್ರಕಟಣೆಯ ವಿಷಯವಾಗಿ ವಿದ್ವತ್ಸಮಾಜದಲ್ಲಿ ನಡೆದಿರುವ ವಾದವು ಇಷ್ಟೊಂದು ತೊಡಕಿಗೆ ಈಡಾಗಿದೆಯೆಂದು ನಮಗೆ ತೋರುತ್ತದೆ. ಸಂಶೋಧಕನು ಕಂಡ ಸತ್ಯವನ್ನು ಯಾರು ಬೇಕಾದರೂ, ಎಲ್ಲಿಂದ ಬೇಕಾದರೂ, ಹಣ ಕೊಡದೆ ಓದುವಂತಾಗಬೇಕೆಂಬುದೇ ಮುಕ್ತ ಪ್ರಕಟಣೆಯ ತತ್ತ್ವ. 2002ನೆಯ ಇಸವಿಯ ಫೆಬ್ರವರಿಯಲ್ಲಿ ಹೊರಬಿದ್ದ ಬುಡಾಪೆಸ್ಟ್ ಘೋಷಣೆಯಿಂದ ಅದಕ್ಕೊಂದು ಹೆಸರೂ ರೂಪವೂ ಬಂದವು. ಈ ತತ್ತ್ವವನ್ನು ಬಹಿರಂಗವಾಗಿ ಅಲ್ಲಗಳೆಯುವವರು ಈಗ ವಿರಳ. ಆದರೆ ಇದರ ವೆಚ್ಚ ಯಾರದು ಎಂಬ ಪ್ರಶ್ನೆ ಬಂದೊಡನೆ ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಮುಖ ತಿರುಗಿಸುತ್ತಾರೆ. ಆ ಪ್ರಶ್ನೆಗೆ ಉತ್ತರ ದೊರೆಯದ ಹೊರತು ತತ್ತ್ವವು ಕಾಗದದ ಮೇಲೆಯೇ ಉಳಿಯುವುದು ನಿಶ್ಚಯ.

ಇದು ದಿಲ್ಲಿ ಬೆಂಗಳೂರುಗಳ ಪಂಡಿತರ ಜಗಳ, ಗುತ್ತಲದವರಿಗೂ ಹಾವೇರಿಯವರಿಗೂ ಇದರಿಂದ ಏನು ಎಂದು ನಮ್ಮ ವಾಚಕರಲ್ಲಿ ಕೆಲವರು ಕೇಳಬಹುದು. ಸಂಬಂಧವು ಬಹಳ ಸಮೀಪದ್ದಾಗಿದೆ. 2011ರಲ್ಲಿ ಭೌಗೋಲಿಕ ಗುರುತು ಪಡೆದ ಬ್ಯಾಡಗಿ ಮೆಣಸಿನಕಾಯಿಯ ಬಣ್ಣವೇಕೆ ಅಷ್ಟು ಕೆಂಪು, ಅದರ ಎಲೆ ಮುದುರುವ ರೋಗಕ್ಕೆ ಕಾರಣವೇನು, ಯಾವ ತಳಿಯು ರೋಗವನ್ನು ತಡೆದೀತು ಎಂಬುದನ್ನು ವಿದ್ವಾಂಸರು ವರ್ಷಗಟ್ಟಲೆ ಪರೀಕ್ಷಿಸುತ್ತಾರೆ. 1986ರಲ್ಲಿ ಸ್ಥಾಪಿತವಾದ ಧಾರವಾಡದ ಕೃಷಿ ವಿಶ್ವವಿದ್ಯಾಲಯವೂ, ರಾಣೇಬೆನ್ನೂರು ತಾಲೂಕಿನ ಹನುಮನಮಟ್ಟಿಯಲ್ಲಿರುವ ಅದರ ಸಂಶೋಧನ ಕೇಂದ್ರವೂ ನಡೆಯುವುದು ಸರಕಾರದ ಬೊಕ್ಕಸದಿಂದ. ಬೊಕ್ಕಸವು ತುಂಬುವುದು ನಮ್ಮ ನಮ್ಮ ಗಂಟಿನಿಂದ. ಹೀಗಿರುವಾಗ ಆ ಸಂಶೋಧನೆಯ ಫಲವನ್ನು ಓದುವ ಅಧಿಕಾರ ನಮಗುಂಟೋ ಇಲ್ಲವೋ ಎಂಬುದು ಪಂಡಿತರಿಗೆ ಮಾತ್ರ ಸೇರಿದ ಪ್ರಶ್ನೆಯಲ್ಲ.

ವಿಜ್ಞಾನ ಪ್ರಕಟಣೆಯ ವ್ಯಾಪಾರವು ಲೋಕದ ಬೇರಾವ ವ್ಯಾಪಾರದಂತೆಯೂ ಅಲ್ಲ. ಸಂಶೋಧನೆಗೆ ಹಣ ಸುರಿಯುವುದು ಬಹುಮಟ್ಟಿಗೆ ಸರಕಾರ. ಲೇಖನವನ್ನು ಬರೆಯುವ ವಿದ್ವಾಂಸನಿಗೆ ಪ್ರಕಾಶಕನು ಸಂಭಾವನೆ ಕೊಡುವುದಿಲ್ಲ. ಲೇಖನವು ಯೋಗ್ಯವೋ ಅಯೋಗ್ಯವೋ ಎಂದು ಪರಾಮರ್ಶಿಸುವ ಇತರ ವಿದ್ವಾಂಸರೂ ಸಾಮಾನ್ಯವಾಗಿ ಪುಕ್ಕಟೆಯಾಗಿಯೇ ದುಡಿಯುತ್ತಾರೆ. ಕೊನೆಗೆ ಹಕ್ಕುಗಳನ್ನು ಬರೆಯಿಸಿಕೊಂಡ ಪ್ರಕಾಶಕನು ಅದೇ ಲೇಖನವನ್ನು ಅದೇ ವಿದ್ವಾಂಸನ ಕಾಲೇಜಿನ ಗ್ರಂಥಾಲಯಕ್ಕೆ ಭಾರೀ ವರ್ಗಣಿಗೆ ಮಾರುತ್ತಾನೆ. ಹೊಲ ನಮ್ಮದು, ಬೀಜ ನಮ್ಮದು, ಬೆವರು ನಮ್ಮದು. ಸುಗ್ಗಿಯ ಹೊತ್ತಿಗೆ ಕಣದ ಬಾಗಿಲಲ್ಲಿ ಬೇರೊಬ್ಬನು ನಿಂತು ನಮ್ಮ ರಾಶಿಯನ್ನೇ ನಮಗೆ ಅಳೆದು ಮಾರಿದಂತಾಯಿತು. ಯುರೋಪಿನ ದೊಡ್ಡ ಪ್ರಕಾಶನ ಸಂಸ್ಥೆಗಳಲ್ಲಿ ಮೊದಲನೆಯದಾದ ಎಲ್ಸೆವಿಯರ್ ಈ ವ್ಯವಹಾರದಲ್ಲಿ ನೂರಕ್ಕೆ ಮೂವತ್ತಕ್ಕೂ ಮೀರಿ ಲಾಭ ಪಡೆಯುತ್ತ ಬಂದಿರುವುದು ಅದರ ವಾರ್ಷಿಕ ಲೆಕ್ಕಪತ್ರಗಳಿಂದಲೇ ತಿಳಿಯುತ್ತದೆ. ದಿನಪತ್ರಿಕೆಯನ್ನು ನಡೆಸುವ ನಮ್ಮಂಥವರಿಗೆ ಅದರ ಅರ್ಧದಷ್ಟು ಲಾಭವೂ ಕನಸಿನ ಮಾತು.

ಈ ಸ್ಥಿತಿಯನ್ನು ಕಂಡು ಭಾರತ ಸರಕಾರವು ಒಂದು ದೊಡ್ಡ ಹೆಜ್ಜೆಯನ್ನಿಟ್ಟಿತು. 2024ನೆಯ ನವೆಂಬರ್ 25ರಂದು ಕೇಂದ್ರ ಮಂತ್ರಿಮಂಡಲವು 'ಒಂದು ರಾಷ್ಟ್ರ, ಒಂದು ಚಂದಾ' ಎಂಬ ಯೋಜನೆಗೆ ಒಪ್ಪಿಗೆಯಿತ್ತಿತು. ಮೂವತ್ತು ಪ್ರಕಾಶಕರ ಸುಮಾರು 13,000 ಪತ್ರಿಕೆಗಳನ್ನು 6,300 ಸರಕಾರಿ ಸಂಸ್ಥೆಗಳ ಸುಮಾರು 1.8 ಕೋಟಿ ವಿದ್ಯಾರ್ಥಿಗಳಿಗೂ ಅಧ್ಯಾಪಕರಿಗೂ ಸಂಶೋಧಕರಿಗೂ ದೊರಕಿಸುವುದು ಇದರ ಉದ್ದೇಶ. 2025, 2026, 2027 ಈ ಮೂರು ವರ್ಷಗಳಿಗೆಂದು ತೆಗೆದಿರಿಸಿದ ಹಣ 6,000 ಕೋಟಿ ರೂಪಾಯಿ. ಜಿಲ್ಲಾಕೇಂದ್ರದ ಸರಕಾರಿ ಕಾಲೇಜಿನ ವಿದ್ಯಾರ್ಥಿಯೂ ದಿಲ್ಲಿಯ ದೊಡ್ಡ ಸಂಸ್ಥೆಯ ವಿದ್ಯಾರ್ಥಿಯೂ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುವಂತೆ ಮಾಡಿದ ಈ ಕಾರ್ಯವನ್ನು ನಾವು ಹೊಗಳಲೇಬೇಕು. ಬೇರೆ ಬೇರೆಯಾಗಿ ಚೌಕಾಸಿ ಮಾಡುತ್ತಿದ್ದ ಸಂಸ್ಥೆಗಳ ಪರವಾಗಿ ರಾಷ್ಟ್ರವೇ ಒಂದಾಗಿ ಬೆಲೆ ಮಾತಾಡುವುದು ವಿವೇಕದ ಮಾರ್ಗ.

ಆದರೂ ಹೊಗಳಿಕೆಯು ಪರೀಕ್ಷೆಯನ್ನು ನಿಲ್ಲಿಸಬಾರದು. ಈ ಯೋಜನೆಯಿಂದ ನಮಗೆ ಮುಖ್ಯವಾಗಿ ದೊರೆತದ್ದು ಬಾಡಿಗೆಯ ಮನೆ, ಸ್ವಂತ ಮನೆಯಲ್ಲ. ವರ್ಷಕ್ಕೆ ಸರಾಸರಿ 2,000 ಕೋಟಿ ರೂಪಾಯಿಯ ಬಾಡಿಗೆ. ಕರಾರಿನ ಅವಧಿ ತೀರಿದೊಡನೆ ಮಾಲೀಕನು ಮತ್ತೆ ಬೆಲೆಯನ್ನು ಹೇಳುತ್ತಾನೆ, ನಾವು ಮತ್ತೆ ಕೈಯೊಡ್ಡಬೇಕು. ಇದಲ್ಲದೆ ಯೋಜನೆಯ ಮೊದಲ ಹಂತವು ಸರಕಾರದ ಉನ್ನತ ವಿದ್ಯಾಸಂಸ್ಥೆಗಳಿಗೂ ಕೇಂದ್ರದ ಸಂಶೋಧನಾಲಯಗಳಿಗೂ ಮಾತ್ರ ಸೀಮಿತವಾದುದು. ಖಾಸಗಿ ಕಾಲೇಜಿನ ಅಧ್ಯಾಪಕ, ಊರಿನ ವೈದ್ಯ, ನಿವೃತ್ತ ಅಧಿಕಾರಿ, ಕಲಿತ ರೈತ, ಕುತೂಹಲವುಳ್ಳ ಹೈಸ್ಕೂಲು ಮಾಸ್ತರ, ಇವರೆಲ್ಲರೂ ತೆರಿಗೆಯನ್ನು ಕೊಡುವಾಗ ರಾಷ್ಟ್ರದೊಳಗಿದ್ದು, ಓದುವಾಗ ರಾಷ್ಟ್ರದ ಹೊರಗಾದರು. ಆದ್ದರಿಂದ ಇದು ಮುಕ್ತ ಪ್ರಕಟಣೆಯಲ್ಲ. ವಿಸ್ತಾರವಾದ ವರ್ಗಣಿ ಮಾತ್ರ.

ಹಾಗಾದರೆ ಓದುಗನಿಂದ ಹಣ ಪಡೆಯುವುದನ್ನೇ ಬಿಟ್ಟುಬಿಡಬಹುದಲ್ಲವೆ? ಬಿಡಬಹುದು, ಆದರೆ ವೆಚ್ಚವು ಮಾಯವಾಗುವುದಿಲ್ಲ. ಕಾಗದವಿಲ್ಲದೆ ಗಣಕಯಂತ್ರದ ಪರದೆಯ ಮೇಲೆ ಬರುವ ಪತ್ರಿಕೆಗೆ ಖರ್ಚೇನು ಎಂದು ಕೇಳುವವರುಂಟು. ಪತ್ರಿಕೆಯೊಂದನ್ನು ಹೊರಡಿಸುವ ಕಷ್ಟವನ್ನು ಬಲ್ಲ ನಾವು ಅವರಿಗೆ ಹೇಳಬೇಕಾದುದಿಷ್ಟೆ: ಬಂದ ಲೇಖನಗಳನ್ನು ಸೋಸಬೇಕು, ಪರಾಮರ್ಶಕರನ್ನು ಹುಡುಕಿ ಬೆನ್ನುಹತ್ತಬೇಕು, ಭಾಷೆಯನ್ನು ತಿದ್ದಬೇಕು, ಸಮೀಕರಣಗಳನ್ನೂ ಚಿತ್ರಗಳನ್ನೂ ಜೋಡಿಸಬೇಕು, ಕಳ್ಳಬರಹವನ್ನು ಪತ್ತೆಹಚ್ಚಬೇಕು, ಪ್ರಕಟವಾದುದನ್ನು ನೂರು ವರ್ಷದ ಮೇಲೂ ಸಿಕ್ಕುವಂತೆ ಕಾಪಾಡಬೇಕು. ಕಾಗದದ ಖರ್ಚು ಉಳಿದೀತು. ಕಣ್ಣುಗಳ ಖರ್ಚು ಉಳಿಯದು. ಸಂಬಳವಿಲ್ಲದ ಉತ್ಸಾಹದಿಂದ ಹತ್ತು ಸಂಚಿಕೆ ನಡೆದೀತು, ಹನ್ನೊಂದನೆಯದು ತಡವಾದೀತು, ಹನ್ನೆರಡನೆಯದು ಹೊರಡಲಿಕ್ಕಿಲ್ಲ.

ಕನ್ನಡನಾಡಿನ ಪತ್ರಿಕಾ ಚರಿತ್ರೆಯಲ್ಲಿ ಇದಕ್ಕೆ ದೃಷ್ಟಾಂತಗಳು ಸಾಕಷ್ಟಿವೆ. ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ 1918ರಲ್ಲಿ ಆರಂಭಿಸಿದ 'ವಿಜ್ಞಾನ' ಮಾಸಪತ್ರಿಕೆಯು ಕನ್ನಡದಲ್ಲಿ ಶಾಸ್ತ್ರವಿಷಯಗಳಿಗೆ ದಾರಿ ತೆರೆಯಿತು. ಎರಡು ವರ್ಷ ನಡೆದು ನಿಂತುಹೋಯಿತು. ನಮ್ಮ ನೆರೆಯಲ್ಲಿಯೇ, ತುಂಗಭದ್ರೆಯ ದಂಡೆಯ ಗಳಗನಾಥದಲ್ಲಿ ಹುಟ್ಟಿದ ವೆಂಕಟೇಶ ತಿರಕೋ ಕುಲಕರ್ಣಿಯವರು, ಅಂದರೆ ಕನ್ನಡಿಗರೆಲ್ಲರೂ ಬಲ್ಲ ಗಳಗನಾಥರು, ಅಗಡಿಯ ಆನಂದವನದಿಂದ 'ಸದ್ಬೋಧ ಚಂದ್ರಿಕೆ'ಯನ್ನು ನಡೆಸಿದರು. ಆ ಮಹನೀಯರು ತಮ್ಮ ಪುಸ್ತಕಗಳ ಗಂಟನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದ ಸಂಗತಿಯನ್ನು ಹಿರಿಯರು ಇಂದಿಗೂ ಹೇಳುತ್ತಾರೆ. ಜನರಿಗೆ ಓದುವ ರುಚಿ ಹತ್ತಿತು. ಬರೆದವನು 1942ರಲ್ಲಿ ಬಡವನಾಗಿಯೇ ಕಣ್ಮುಚ್ಚಿದನು. ಇದನ್ನು ತ್ಯಾಗವೆಂದು ಕೊಂಡಾಡುವುದು ಸುಲಭ. ಆದರೆ ಒಬ್ಬ ವ್ಯಕ್ತಿಯ ತಲೆಯ ಮೇಲೆ ನಿಂತ ಸಂಸ್ಥೆಯು ಆ ತಲೆಯೊಡನೆಯೇ ಬೀಳುತ್ತದೆಂಬುದನ್ನೂ ಕಾಣಬೇಕು.

ಪಾಶ್ಚಾತ್ಯ ಪ್ರಕಾಶಕರು ಮುಕ್ತ ಪ್ರಕಟಣೆಗೆ ಕಂಡುಹಿಡಿದ ಉಪಾಯವು ಹೆಚ್ಚು ಕಡಿಮೆ ಇದೇ ಆಗಿದೆ. ಗಂಟನ್ನು ಬರೆದವನ ತಲೆಯ ಮೇಲೆ ಹೊರಿಸುವುದು. ಓದುಗನು ಕೊಡಬೇಕಾಗಿಲ್ಲ, ಲೇಖಕನು ಪ್ರಕಟಣ ಶುಲ್ಕ ತೆರಲಿ ಎಂದರು. 2020ರ ನವೆಂಬರಿನಲ್ಲಿ 'ನೇಚರ್' ಪತ್ರಿಕೆಯವರು ಒಂದು ಮುಕ್ತ ಲೇಖನಕ್ಕೆ 9,500 ಯೂರೋ ಶುಲ್ಕವನ್ನು ಸಾರಿದರು. ಅಂದಿನ ವಿನಿಮಯದಂತೆ ಅದು ಎಂಟು ಲಕ್ಷ ರೂಪಾಯಿಗೂ ಮೀರಿದ ಮೊತ್ತ. ಎಲ್ಲ ಪತ್ರಿಕೆಗಳ ಶುಲ್ಕವೂ ಇಷ್ಟಿಲ್ಲವೆಂಬುದು ನಿಜ. ಬಡ ದೇಶಗಳಿಗೆ ರಿಯಾಯತಿಯುಂಟೆಂಬುದೂ ನಿಜ. ಆದರೆ ರಿಯಾಯತಿಯನ್ನು ಬೇಡಿ ಪಡೆಯಬೇಕು; ಬೇಡುವವನು ಸಮಾನನಾಗಲಾರನು. 'ಒಂದು ರಾಷ್ಟ್ರ, ಒಂದು ಚಂದಾ' ಯೋಜನೆಯಲ್ಲಿಯೂ ಲೇಖಕರ ಶುಲ್ಕಕ್ಕೆಂದು ವರ್ಷಕ್ಕೆ 150 ಕೋಟಿ ರೂಪಾಯಿ ಬೇರೆಯಾಗಿ ಇರಿಸಲ್ಪಟ್ಟಿದೆ. 'ನೇಚರ್' ಪತ್ರಿಕೆಯ ದರದಲ್ಲಿ ಅದು ಎರಡು ಸಾವಿರ ಲೇಖನಗಳಿಗೂ ಸಾಲದು; ಭಾರತದ ವಿದ್ವಾಂಸರು ವರ್ಷಕ್ಕೆ ಎರಡು ಲಕ್ಷಕ್ಕೂ ಮಿಕ್ಕಿ ಲೇಖನಗಳನ್ನು ಬರೆಯುತ್ತಾರೆ.

ಈ ಪದ್ಧತಿಗೆ ಇನ್ನೊಂದು ರೋಗವೂ ಅಂಟಿಕೊಂಡಿದೆ. ಲೇಖನವೊಂದಕ್ಕೆ ಇಷ್ಟು ಎಂದು ಹಣ ಬರುವುದಾದರೆ, ಹೆಚ್ಚು ಲೇಖನ ಹಾಕಿದಷ್ಟೂ ಪ್ರಕಾಶಕನಿಗೆ ಲಾಭ, ತಿರಸ್ಕರಿಸಿದಷ್ಟೂ ನಷ್ಟ. ಪರೀಕ್ಷಕನು ಪಾಸಾದ ವಿದ್ಯಾರ್ಥಿಗಳಿಂದ ತಲೆಗಿಷ್ಟೆಂದು ಹಣ ಪಡೆಯುವ ಪರೀಕ್ಷೆ ಹೇಗಿದ್ದೀತು? ಇದರಿಂದ ಹುಟ್ಟಿದ ಸುಳ್ಳು ಪತ್ರಿಕೆಗಳ ಹಿಂಡಿನಲ್ಲಿ ನಮ್ಮ ದೇಶದ ಹೆಸರೂ ಕೆಟ್ಟಿದೆ. ಹೈದರಾಬಾದಿನ ಓಮಿಕ್ಸ್ ಎಂಬ ಸಂಸ್ಥೆಯು ವಿದ್ವಾಂಸರನ್ನು ವಂಚಿಸಿತೆಂದು 2019ರ ಮಾರ್ಚಿನಲ್ಲಿ ಅಮೇರಿಕದ ನ್ಯಾಯಾಲಯವು ಐದು ಕೋಟಿ ಡಾಲರಿಗೂ ಮೀರಿದ ಮೊತ್ತವನ್ನು ಕೊಡಬೇಕೆಂದು ತೀರ್ಪಿತ್ತಿತು. ಬಡ್ತಿಗೆ ಲೇಖನಗಳ ಎಣಿಕೆಯನ್ನೇ ಕೇಳುವ ನಮ್ಮ ಆಡಳಿತವು ಈ ಹಿಂಡಿಗೆ ಮೇವನ್ನೊದಗಿಸಿತೆಂಬುದನ್ನು ಅಧಿಕಾರಿವರ್ಗದ ನಮ್ಮ ವಾಚಕರು ಮನಗಾಣಬೇಕು.

ಓದುಗನೂ ತೆರಬಾರದು, ಲೇಖಕನೂ ತೆರಬಾರದು ಎಂದರೆ ಉಳಿಯುವುದು ಮೂರನೆಯ ಮಾರ್ಗ. ಅದು ದತ್ತಿಯ ಮಾರ್ಗ. ಇದು ನಮಗೆ ಹೊಸತಲ್ಲ. ಕಲಬುರ್ಗಿ ಸೀಮೆಯ ನಾಗಾವಿಯಲ್ಲಿ 1058ನೆಯ ಇಸವಿಯ ಶಾಸನವೊಂದಿದೆ. ಅಲ್ಲಿಯ ಘಟಿಕಾಸ್ಥಾನದಲ್ಲಿ ವೇದಶಾಸ್ತ್ರಗಳನ್ನು ಓದುವ ವಿದ್ಯಾರ್ಥಿಗಳಿಗೂ ಅವರ ಉಪಾಧ್ಯಾಯರಿಗೂ ಮಾತ್ರವಲ್ಲದೆ, ಗ್ರಂಥಭಾಂಡಾರವನ್ನು ಕಾಯುವ ಆರು ಮಂದಿ ಸರಸ್ವತೀ ಭಾಂಡಾರಿಗರಿಗೂ ವೃತ್ತಿಯನ್ನು ಏರ್ಪಡಿಸಿದುದು ಅದರಿಂದ ತಿಳಿಯುತ್ತದೆ. ವಿದ್ಯೆಯು ಉಚಿತ, ಆದರೆ ಗ್ರಂಥಪಾಲಕನು ಉಪವಾಸವಿರಬಾರದು ಎಂಬ ಲೋಕಜ್ಞಾನವು ಆ ದಾನಿಗಳಿಗಿತ್ತು. ನಮ್ಮ ಗುತ್ತಲವೇ ಗುತ್ತರಸರ ರಾಜಧಾನಿಯಾಗಿದ್ದ ಗುತ್ತವೊಳಲು; ಹತ್ತಿರದ ಚೌಡದಾನಪುರದ ಮುಕ್ತೇಶ್ವರ ದೇವಾಲಯದಲ್ಲಿ ನಿಂತಿರುವ ಎತ್ತರದ ಶಾಸನಗಳನ್ನು ನೋಡದ ವಾಚಕರು ವಿರಳ. ದಾನಶಾಸನಗಳ ಮರ್ಮವೇನು? ದಾನಿಯ ಮನಸ್ಸು ನಾಳೆ ತಿರುಗೀತು, ಅವನ ಮಗನ ಮನಸ್ಸು ನಾಡಿದ್ದು ತಿರುಗೀತು ಎಂಬ ಶಂಕೆಯಿಂದಲೇ ನೆಲವನ್ನು ಎಲ್ಲೆಕಟ್ಟು ಸಹಿತವಾಗಿ ಕಲ್ಲಿನಲ್ಲಿ ಬರೆದು, ಆಚಂದ್ರಾರ್ಕವಾಗಿ ನಡೆಯಲೆಂದು ಬಿಟ್ಟುಕೊಟ್ಟರು. ವರ್ಷವರ್ಷವೂ ಅರ್ಜಿ ಹಾಕಿ ಪಡೆಯುವ ಅನುದಾನಕ್ಕೂ ದತ್ತಿಗೂ ಇರುವ ಅಂತರವು ಇದೇ.

ವಿಜ್ಞಾನದ ಕ್ಷೇತ್ರದಲ್ಲಿಯೂ ಈ ಮಾರ್ಗವನ್ನು ಕರ್ನಾಟಕವೇ ತುಳಿದು ತೋರಿಸಿದೆ. ಚಂದ್ರಶೇಖರ ವೆಂಕಟರಾಮನ್ನರು ತಮ್ಮ ಹೊಸ ಕಿರಣದ ಸಂಗತಿಯನ್ನು ಬೆಂಗಳೂರಿನಲ್ಲಿ 1928ನೆಯ ಮಾರ್ಚ್ 16ರಂದು ವಿವರಿಸಿ, ಆ ವ್ಯಾಖ್ಯಾನವನ್ನು ಕಲ್ಕತ್ತೆಯ 'ಇಂಡಿಯನ್ ಜರ್ನಲ್ ಆಫ್ ಫಿಸಿಕ್ಸ್' ಎಂಬ ಸ್ವದೇಶೀ ಪತ್ರಿಕೆಯಲ್ಲಿ ಅಚ್ಚು ಹಾಕಿಸಿ, ಪ್ರತಿಗಳನ್ನು ಹೊರದೇಶಗಳ ವಿಜ್ಞಾನಿಗಳಿಗೆ ಕಳುಹಿಸಿದರು. ಎರಡು ವರ್ಷಗಳಲ್ಲಿ ನೊಬೆಲ್ ಪಾರಿತೋಷಕವು ಬಂದಿತು. 1932ರಲ್ಲಿ ಬೆಂಗಳೂರಿನಿಂದ 'ಕರೆಂಟ್ ಸೈನ್ಸ್' ಹೊರಟಿತು. ಅದರ ಮೊದಲ ಸಂಪಾದಕರು ಸೆಂಟ್ರಲ್ ಕಾಲೇಜಿನ ಸಿ. ಆರ್. ನಾರಾಯಣರಾಯರು. 1934ರಲ್ಲಿ ರಾಮನ್ನರು ಭಾರತೀಯ ವಿಜ್ಞಾನ ಅಕಾಡೆಮಿಯನ್ನು ಸ್ಥಾಪಿಸಿ, ಅದೇ ವರ್ಷ ಅದರ ಪತ್ರಿಕೆಯನ್ನೂ ಆರಂಭಿಸಿದರು. ಮೈಸೂರು ಸರಕಾರವು ಅಕಾಡೆಮಿಗೆ ನೆಲವನ್ನು ದಾನವಿತ್ತಿತು. ನಾಗಾವಿಯ ಪರಂಪರೆಯೇ ಹೊಸ ವೇಷದಲ್ಲಿ ಬಂದಿತೆಂದರೆ ತಪ್ಪಾಗದು.

ಈ ಅಕಾಡೆಮಿಯ ಪತ್ರಿಕೆಗಳು ಕಾಲಕ್ರಮದಲ್ಲಿ ಹತ್ತರಷ್ಟಾದವು. ಭೌತವಿಜ್ಞಾನಕ್ಕೆ 'ಪ್ರಮಾಣ', ಇಂಜಿನಿಯರಿಂಗ್ ವಿದ್ಯೆಗೆ 'ಸಾಧನಾ', ವಿದ್ಯಾರ್ಥಿಗಳಿಗೆಂದು 1996ರಿಂದ 'ರೆಸೊನೆನ್ಸ್', ಹೀಗೆ ಒಂದೊಂದು ಶಾಸ್ತ್ರಕ್ಕೆ ಒಂದೊಂದು. ಜಾಲತಾಣಗಳ ಯುಗ ಬಂದಾಗ ಅಕಾಡೆಮಿಯು ಲೇಖಕನಿಂದ ಶುಲ್ಕ ಕೇಳದೆ, ಓದುಗನಿಂದ ವರ್ಗಣಿ ಕೇಳದೆ, ಹಳೆಯ ಸಂಚಿಕೆಗಳ ಸಹಿತ ಅವುಗಳನ್ನು ತನ್ನ ತಾಣದಲ್ಲಿ ತೆರೆದಿಟ್ಟಿತು. 2007ರಿಂದ ಹೊರದೇಶಗಳ ಪ್ರಸಾರಕ್ಕಾಗಿ ಸ್ಪ್ರಿಂಗರ್ ಸಂಸ್ಥೆಯೊಡನೆ ಒಪ್ಪಂದ ಮಾಡಿಕೊಂಡಾಗಲೂ ತನ್ನ ತಾಣದ ಬಾಗಿಲನ್ನು ಮುಚ್ಚಲಿಲ್ಲ. ಇತ್ತ ಭಾರತೀಯ ವಿಜ್ಞಾನ ಮಂದಿರವು 2002ರಲ್ಲಿಯೇ ತನ್ನ ವಿದ್ವಾಂಸರ ಲೇಖನಗಳಿಗೆ ಮುಕ್ತ ಭಾಂಡಾರವನ್ನು ತೆರೆದು ದೇಶಕ್ಕೆ ಮಾದರಿಯಾಯಿತು. ಹೊರಗೆ ನೋಡಿದರೂ ಇದೇ ಪಾಠ. ಬ್ರೆಜಿಲ್ ದೇಶದ ಸಾವೊ ಪೌಲೊ ಪ್ರಾಂತದ ಸರಕಾರಿ ಹಣದಿಂದ 1998ರಲ್ಲಿ ಆರಂಭವಾದ 'ಸೈಎಲೋ' ಭಾಂಡಾರವು ದಕ್ಷಿಣ ಅಮೇರಿಕದ ನೂರಾರು ಸ್ವದೇಶೀ ಪತ್ರಿಕೆಗಳನ್ನು ಲೋಕದ ಮುಂದೆ ತೆರೆದಿಟ್ಟಿತು. 1991ರಲ್ಲಿ ಅಮೇರಿಕದಲ್ಲಿ ಹುಟ್ಟಿದ 'ಆರ್ಕೈವ್' ಭಾಂಡಾರವನ್ನು ವಿಶ್ವವಿದ್ಯಾಲಯಗಳ ವಂತಿಗೆಯೂ ದತ್ತಿಸಂಸ್ಥೆಗಳ ನೆರವೂ ನಡೆಯಿಸುತ್ತಿವೆ.

ಇದಕ್ಕೆ ಎರಡು ಆಕ್ಷೇಪಣೆಗಳುಂಟು, ಎರಡೂ ಬಲವಾದವು. ಸ್ವದೇಶೀ ಪತ್ರಿಕೆಗಳಿಗೆ ಪ್ರತಿಷ್ಠೆಯಿಲ್ಲ, ಬುದ್ಧಿವಂತನಾದ ತರುಣನು ತನ್ನ ಒಳ್ಳೆಯ ಲೇಖನವನ್ನು ವಿಲಾಯತಿಗೇ ಕಳುಹಿಸುತ್ತಾನೆ ಎಂಬುದು ಮೊದಲನೆಯದು. ಸತ್ಯ. ಆದರೆ ಆ ತರುಣನನ್ನು ದೂಷಿಸುವುದು ಅನ್ಯಾಯ. ಅವನ ನೇಮಕವೂ ಬಡ್ತಿಯೂ ಪತ್ರಿಕೆಯ ಹೆಸರಿನ ಮೇಲೆ ನಿಂತಿರುವಾಗ ಅವನು ಬೇರೇನು ಮಾಡಿಯಾನು? ಪ್ರತಿಷ್ಠೆಯು ಒಳ್ಳೆಯ ಲೇಖನಗಳಿಂದ ಬರುತ್ತದೆ, ಒಳ್ಳೆಯ ಲೇಖನಗಳು ಪ್ರತಿಷ್ಠೆಯನ್ನು ನೋಡಿ ಬರುತ್ತವೆ. ಈ ಚಕ್ರವನ್ನು ತರುಣನು ಮುರಿಯಲಾರನು. ನೇಮಕ ಸಮಿತಿಯಲ್ಲಿ ಕುಳಿತ ಹಿರಿಯರು ಮುರಿಯಬಲ್ಲರು.

ಸರಕಾರದ ಹಣವನ್ನು ನಂಬಿದ ಪತ್ರಿಕೆಯು ಸರಕಾರದ ಮರ್ಜಿಗೆ ಸಿಕ್ಕುತ್ತದೆಂಬುದು ಎರಡನೆಯ ಆಕ್ಷೇಪಣೆ. ಪತ್ರಿಕಾ ಸ್ವಾತಂತ್ರ್ಯವನ್ನು ಪ್ರಾಣವೆಂದು ತಿಳಿದ ನಾವು ಇದನ್ನು ಹಗುರವಾಗಿ ಕಾಣಲಾರೆವು. ಅನುದಾನವು ಒಂದು ವರ್ಷ ತಡವಾದರೆ ಸಂಪಾದಕ ವರ್ಗವು ಚದುರುತ್ತದೆ. ಅನುದಾನದ ಗುಮಾಸ್ತನು ಮುನಿದರೆ ಸಂಚಿಕೆ ನಿಲ್ಲುತ್ತದೆ. ಅದಕ್ಕಾಗಿಯೇ ನಾವು ಕೇಳುವುದು ವಾರ್ಷಿಕ ಅನುದಾನವನ್ನಲ್ಲ, ಮೂಲಧನವನ್ನು. ನೂರು ಕೋಟಿ ರೂಪಾಯಿಯನ್ನು ನೂರಕ್ಕೆ ಏಳರ ಬಡ್ಡಿಗೆ ಇರಿಸಿದರೆ ವರ್ಷಕ್ಕೆ ಏಳು ಕೋಟಿ ಬರುತ್ತದೆ. ಬೆಲೆಯೇರಿಕೆಯು ಗಂಟನ್ನು ಕರಗಿಸದಂತೆ ಅದರಲ್ಲಿ ಒಂದು ಪಾಲನ್ನು ಮೂಲಕ್ಕೆ ಸೇರಿಸಿದರೂ ಹಲವು ಪತ್ರಿಕೆಗಳ ಸಂಪಾದಕೀಯ ಕಚೇರಿಗಳು ಯಾರ ಬಾಗಿಲನ್ನೂ ಕಾಯದೆ ನಡೆಯಬಲ್ಲವು. ಆ ನೂರು ಕೋಟಿಯು ಮೂರು ವರ್ಷಗಳ 6,000 ಕೋಟಿಯಲ್ಲಿ ಅರವತ್ತನೆಯ ಒಂದು ಪಾಲು ಮಾತ್ರ.

ಆದಕಾರಣ ನಮ್ಮ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳಿಬಿಡುವೆವು. ಒಂದನೆಯದಾಗಿ, 2027ರ ಅನಂತರದ ಕರಾರನ್ನು ಬರೆಯುವಾಗ ವಿದೇಶೀ ಪ್ರಕಾಶಕರಿಗೆ ಕೊಡುವ ಹಣದಲ್ಲಿ ಹತ್ತನೆಯ ಒಂದು ಪಾಲನ್ನಾದರೂ ಕಡಿಮೆ ಮಾಡಿ, ಅದನ್ನು ಸ್ವದೇಶೀ ಪತ್ರಿಕೆಗಳ ಶಾಶ್ವತ ನಿಧಿಗೆ ಸೇರಿಸಬೇಕು. ನಿಧಿಯ ಆಡಳಿತವು ಇಲಾಖೆಯ ಕೈಯಲ್ಲಿರದೆ ವಿದ್ವತ್ಸಭೆಗಳ ಕೈಯಲ್ಲಿರಬೇಕು. ಎರಡನೆಯದಾಗಿ, ಕೇಂದ್ರದ ವಿಜ್ಞಾನ ಇಲಾಖೆಗಳು 2014ರ ಡಿಸೆಂಬರಿನಲ್ಲಿ ಸಾರಿದ ನಿಯಮದಂತೆ, ಸರಕಾರದ ಹಣದಿಂದ ನಡೆದ ಸಂಶೋಧನೆಯ ಪ್ರತಿಯು ಮುಕ್ತ ಭಾಂಡಾರಕ್ಕೆ ಸೇರಿದ ಹೊರತು ಕೊನೆಯ ಕಂತಿನ ಹಣವನ್ನು ಬಿಡುಗಡೆ ಮಾಡಕೂಡದು. ಇದಕ್ಕೆ ತಗಲುವ ಖರ್ಚು ಅತ್ಯಲ್ಪ. ಮೂರನೆಯದಾಗಿ, ಬಡ್ತಿಯ ಸಮಿತಿಗಳು ಲೇಖನವನ್ನು ಓದಿ ತೂಗಬೇಕೇ ಹೊರತು ಪತ್ರಿಕೆಯ ಹೆಸರನ್ನು ನೋಡಿ ಅಂಕ ಹಾಕಬಾರದು.

ನಾಲ್ಕನೆಯ ಮಾತು ನಮ್ಮ ಕರ್ನಾಟಕ ಸರಕಾರಕ್ಕೆ. 1965ರ ಗ್ರಂಥಾಲಯ ಕಾಯಿದೆಯಂತೆ ಪಟ್ಟಣದ ಮನೆಯೊಡೆಯರು ಆಸ್ತಿ ತೆರಿಗೆಯೊಡನೆ ಗ್ರಂಥಾಲಯ ಕರವನ್ನೂ ತೆರುತ್ತಾರೆ. ಆ ಕರವನ್ನು ಕೊಟ್ಟವನಿಗೆ ತನ್ನ ಊರಿನ ಸಾರ್ವಜನಿಕ ಗ್ರಂಥಾಲಯದಲ್ಲಿ ಕುಳಿತು ಈ ಪತ್ರಿಕೆಗಳನ್ನು ಓದುವ ಅನುಕೂಲವಿರಬೇಕು. ರಾಜ್ಯದ ಹಣದಿಂದ ನಡೆದ ಪ್ರತಿಯೊಂದು ಸಂಶೋಧನೆಗೂ ಒಂದು ಪುಟದ ಕನ್ನಡ ಸಾರಾಂಶವನ್ನು ಬರೆದು ಮುಕ್ತವಾಗಿ ಪ್ರಕಟಿಸುವುದನ್ನು ವಿಶ್ವವಿದ್ಯಾಲಯಗಳಿಗೆ ಕಡ್ಡಾಯ ಮಾಡಬೇಕು. ಬಾಗಿಲು ತೆರೆದಿದ್ದರೂ ಒಳಗಿನ ಮಾತು ತಿಳಿಯದಿದ್ದರೆ ಅದು ಯಾವ ಮುಕ್ತತೆ? ಮೆಣಸಿನ ಗಿಡದ ರೋಗವನ್ನು ಕುರಿತು ನಮ್ಮ ಹೊಲದ ಪಕ್ಕದಲ್ಲಿಯೇ ನಡೆದ ಪರೀಕ್ಷೆಯ ಫಲವು ನಮ್ಮ ರೈತನಿಗೆ ಇಂಗ್ಲಿಷಿನ ಗೋಡೆಯಾಚೆ ಉಳಿಯಬಾರದು.

ಸ್ವರಾಜ್ಯವೆಂದರೆ ನೆಲದ ಒಡೆತನವಷ್ಟೇ ಅಲ್ಲ; ನಮ್ಮ ನೆಲದಲ್ಲಿ ಬೆಳೆದ ಅರಿವಿನ ಒಡೆತನವೂ ಹೌದು. ಅರಿವನ್ನು ಲೋಕಕ್ಕೆ ಧಾರಾಳವಾಗಿ ಹಂಚೋಣ. ಆದರೆ ಹಂಚುವ ಕೈ ನಮ್ಮದಾಗಿರಲಿ, ಆ ಕೈಗೆ ಬಲವನ್ನೀಯುವ ಅನ್ನವನ್ನು ನಾವೇ ಇಕ್ಕೋಣ. ಬಾಡಿಗೆಗೆ ಕೊಡುವ ಹಣವು ಪ್ರತಿವರ್ಷವೂ ಕಳೆಯುತ್ತದೆ. ದತ್ತಿಗೆ ಕೊಟ್ಟ ಹಣವು ಮೊಮ್ಮಕ್ಕಳ ಕಾಲಕ್ಕೂ ದುಡಿಯುತ್ತದೆ. ಈ ಎರಡರಲ್ಲಿ ಯಾವುದು ಲೇಸೆಂಬುದನ್ನು ನಿರ್ಣಯಿಸಲು ನಮ್ಮ ಬ್ಯಾಡಗಿಯ ಪೇಟೆಯ ಯಾವ ವರ್ತಕನೂ ಬಹಳ ಹೊತ್ತು ಯೋಚಿಸಲಾರನು. ದಿಲ್ಲಿಯ ಲೆಕ್ಕಿಗರೂ ಬಹಳ ಹೊತ್ತು ತೆಗೆದುಕೊಳ್ಳಬಾರದು.